ನೀವು ಹೊಡೆಯದ ಏಟು

ನೀವು ನನಗೆ ಒಂದು ದಿನವೂ ಹೊಡೆದವರಲ್ಲ. ಹೊಡೆಯುತ್ತೀರೆಂದು ಹೇಳಿದವಳು ನಾನು, ನಿಮ್ಮ ಹೆಂಡತಿ. ನೀವು ತೀರಿಹೋಗಿ ನಾಲ್ಕು ವರ್ಷವಾದ ಮೇಲೆ, ಕೇಳಲು ನೀವಿಲ್ಲದ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ — ಧೈರ್ಯ ಬಂದದ್ದು ಈಗ, ಅದೂ ಅರ್ಧ.

ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನಿಗೆ ಕೈಸನ್ನೆ ಕೊಡುವುದು ನಿಮ್ಮ ಕೆಲಸವಾಗಿತ್ತು. ಮರೆವು ಶುರುವಾದ ಮೇಲೆ ನಡುಮನೆಯಲ್ಲೇ ನಿಂತು ಇಲ್ಲದ ಕ್ರೇನಿಗೆ ಸನ್ನೆ ಮಾಡುತ್ತಿದ್ದಿರಿ. ಅದೇನೂ ತೊಂದರೆಯಲ್ಲ. ಆದರೆ ಡ್ಯೂಟಿಗೆ ಹೊತ್ತಾಯಿತೆಂದು ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಹೊರಟುಬಿಡುತ್ತಿದ್ದಿರಿ. ಹಿಂದೆ ಓಡಿ ಓಡಿ ನನ್ನ ಮಂಡಿ ಸೋತಿತ್ತು. ಬಂದು ವಿಚಾರಿಸುವವರು ಯಾರೂ ಇರಲಿಲ್ಲ. ನನಗೆ ನಾಲ್ಕು ದಿನ ನಿದ್ದೆ ಬೇಕಿತ್ತು, ಅಷ್ಟೇ — ಅಷ್ಟೇನಾ? ನಿಮ್ಮಿಂದ ಬಿಡುಗಡೆಯೂ ಬೇಕಿತ್ತು.

ಶಿವಮೊಗ್ಗದ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಸಿಸ್ಟರ್ ಕೇಳಿದರು, "ಬರೀ ಮರೆವಿಗೆ ಅಡ್ಮಿಟ್ ಮಾಡ್ಕೊಳ್ಳೋದು ಕಷ್ಟ ಅಮ್ಮ, ಬೆಡ್ ಇಲ್ಲ. ಹೊಡೆಯೋದು ಬಡಿಯೋದು ಏನಾದ್ರೂ ಇದೆಯಾ?"

ಸತ್ಯದ ತಲೆಯ ಮೇಲೆ ಹೊಡೆದ ಹಾಗೆ "ಇದೆ" ಎಂದೆ. ಬಾಗಿಲಿಗೆ ತಾಗಿ ಕಂದಿದ್ದ ಮೊಣಕೈ ತೋರಿಸಿದೆ. ಅವರು ಬರೆದುಕೊಂಡರು. ಬೆಡ್ ಸಿಕ್ಕಿತು.

ಮನೆಗೆ ಬಂದು ಹಗಲೆಲ್ಲ ಮಲಗಿದೆ — ಸುಖವಾಗಿ ಮಲಗಿದೆ, ಅದನ್ನೂ ಹೇಳಿಬಿಡುತ್ತೇನೆ. ಮಾರನೆಯ ದಿನ ಊಟ ಕಟ್ಟಿಕೊಂಡು ಬಸ್ಸಿಳಿದು ಬಂದರೆ, ನಿಮ್ಮ ಎರಡೂ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ನೀವು ಕ್ರೇನಿಗೆ ಸನ್ನೆ ಮಾಡಿರಬೇಕು. ಹೊಡೆಯಲು ಬಂದಿರೆಂದು ಅವರು ತಿಳಿದರು. ಅವರದೇನು ತಪ್ಪು, ಫೈಲಿನಲ್ಲಿ ಹಾಗೇ ಇತ್ತಲ್ಲ.

ನನ್ನ ಗುರುತು ಹಿಡಿದಿರಿ. "ಶಾರದಾ, ನಾನು ನಿಂಗೆ ಹೊಡೆದ್ನಂತೆ... ಹೌದೇನೇ?"

ಸಿಸ್ಟರ್ ಪಕ್ಕದಲ್ಲೇ ಇದ್ದರು. ಇಲ್ಲವೆಂದರೆ ಸುಳ್ಳು ಬಯಲಾಗುತ್ತದೆ, ಬೆಡ್ ಹೋಗುತ್ತದೆ, ಮತ್ತೆ ಆ ಬಾಗಿಲು, ಆ ಓಟ —

"ಹೂಂ" ಎಂದೆ.

"ತಪ್ಪಾಯ್ತು ಮಾರಾಯ್ತಿ" ಎಂದು ಅತ್ತಿರಿ. ಕಣ್ಣೊರೆಸಿಕೊಳ್ಳಲು ಕಟ್ಟಿದ್ದ ನಿಮ್ಮ ಕೈ ಬರುತ್ತಿರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ಮನೆಗೆ ಕರೆತಂದ ಮೇಲೆ ಕಾರ್ಖಾನೆ ಮರೆತಿರಿ, ಕೊನೆಗೆ ನನ್ನ ಹೆಸರೂ ಮರೆತಿರಿ. ಆದರೆ ನಾನು ಹತ್ತಿರ ಬಂದಾಗಲೆಲ್ಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, "ಹೊಡೆಯಲ್ಲ, ಹೊಡೆಯಲ್ಲ" ಎನ್ನುತ್ತ ಅಲ್ಲಾಡದೆ ಕೂರುತ್ತಿದ್ದಿರಿ. ಬಾಗಿಲು ತೆಗೆಯುವುದೂ ನಿಂತುಹೋಗಿತ್ತು. ಅದು ನನಗೆ ಅನುಕೂಲವಾಗಿತ್ತು, ಅದಕ್ಕೇ ಸುಮ್ಮನಿದ್ದೆ.

ದಿನಾ ಊಟದ ಹೊತ್ತಿಗೆ ಆ ಕೈಗಳನ್ನು ನಾನೇ ಎಳೆದು ಹೊರಗೆ ತೆಗೆಯುತ್ತಿದ್ದೆ. ಎರಡು ವರ್ಷ ತೆಗೆದೆ. "ನೀವು ಹೊಡೆದಿಲ್ಲ ರೀ" ಎಂದು ಒಂದು ಸಲವೂ ಹೇಳಲಿಲ್ಲ.