ತಪಾಸಣೆಗೊಂದು ಚಕ್ರ, ಓಡಾಟಕ್ಕೊಂದು ಚಕ್ರ

ನಮ್ಮ ರೋಣದ ಕಡೆ ಒಂದು ಕಾರಿಗೆ ನಾಲ್ಕು ಚಕ್ರ, ಮೇಲೊಂದು ಸ್ಟೆಪ್ನಿ. ಬಂಟ್ವಾಳದ ಬಳಿಯ ಮೆಲ್ಕಾರಿನ ಟೈರ್ ಅಂಗಡಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಎಂಟು ಚಕ್ರದ ಕಾರು ನೋಡಿದೆ. ನಾಲ್ಕು ದಿನನಿತ್ಯದ ಓಡಾಟಕ್ಕೆ, ನಾಲ್ಕು ಆರ್‌ಟಿಒ ತಪಾಸಣೆಯ ದಿನಕ್ಕೆ. ಆ ಎರಡನೆಯ ನಾಲ್ಕು ಯಾರೋ ನೆಂಟರ ಕಾರಿನಿಂದ ಬಿಚ್ಚಿ ತಂದವು. ಆಗ ನಗು ಬಂದಿತ್ತು. ಈಗ ಬರುವುದಿಲ್ಲ.

ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಟೈರು ಬಿಚ್ಚಿದ ಕೈಗೆ ಇಲ್ಲಿಯ ಕೆಲಸ ಹಗುರ, ಉಳಿದದ್ದೆಲ್ಲ ಭಾರ. ಕುಚ್ಚಲಕ್ಕಿಯ ದಪ್ಪ ಅಗುಳು ಗಂಟಲಲ್ಲಿ ಇಳಿಯದೆ, ರೊಟ್ಟಿ ನೆನೆದು ಹೆಂಡತಿ ಅತ್ತಿದ್ದಳು. ಜನ ತಮ್ಮೊಳಗೆ ತುಳು ಆಡುತ್ತಾ ನನ್ನತ್ತ ತಿರುಗಿದ ಕೂಡಲೇ ಪಠ್ಯಪುಸ್ತಕದ ಕನ್ನಡಕ್ಕೆ ಬರುತ್ತಾರೆ. ಮರ್ಯಾದೆಯೇ ಸರಿ, ಆದರೆ ಪ್ರತಿ ಸಲವೂ ನಾನು ಹೊರಗಿನವನೆಂಬುದು ನೆನಪಾಗುತ್ತದೆ. ಬಾಡಿಗೆ ಮನೆ ಕೇಳಿದಲ್ಲೆಲ್ಲ, "ನಿಮ್ಮ ಪರಿಚಯದವರು ಇಲ್ಲಿ ಯಾರುಂಟು?" ಎಂಬ ಪ್ರಶ್ನೆ. ಕೊನೆಗೆ ತಮ್ಮ ಹಿತ್ತಲಿನ ಮನೆ ಕೊಟ್ಟವರು ಶೀನಣ್ಣ. "ಇನ್ನು ಕೇಳಿದವರಿಗೆ ನನ್ನ ಹೆಸರು ಹೇಳು ಮಾರಾಯ," ಎಂದಿದ್ದರು.

ಅವರದೊಂದು ಬಾಡಿಗೆ ಕಾರು ಉಂಟು. ವಿಟ್ಲ, ವೇಣೂರು, ಮೂಡುಬಿದಿರೆ ಎಂದು ಓಡಿಸುತ್ತಾರೆ. ಬೆಳಿಗ್ಗೆ ಮೊಮ್ಮಗಳು ಧೃತಿಯ ಜೊತೆ ನನ್ನ ಮಗಳು ಕಾವ್ಯಾಳನ್ನೂ ಶಾಲೆಗೆ ಬಿಡುತ್ತಿದ್ದರು. ಅಂದಕ್ಕೆಂದು ಅಗಲದ ಅಲಾಯ್ ಚಕ್ರ ಹಾಕಿಸಿ, ಅವು ಹೊರಗೆ ಚಾಚಲೆಂದು ಪ್ರತಿ ಚಕ್ರದ ಹಿಂದೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೊಡಿಸಿದ್ದರು. ಈ ಸಲದ ತಪಾಸಣೆಯಲ್ಲಿ ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರು ಒಂದೇ ನೋಟಕ್ಕೆ ವಾಪಸು ಕಳಿಸಿದರು. ಕಂಪನಿ ಹೇಳಿದ ಅಳತೆಯ ಚಕ್ರಕ್ಕೆ ತಕರಾರಿಲ್ಲ, ಮಡ್‌ಗಾರ್ಡ್ ದಾಟಿ ಹೊರಬಂದದ್ದು ಪಾಸಾಗದು.

"ಭಾವನ ಕಾರಿನ ಚಕ್ರ ಉಂಟು. ನಾಳೆ ಅದನ್ನು ಹಾಕುವ. ಪಾಸಾದ ಮೇಲೆ ಇದನ್ನೇ ಪುನಃ ಹಾಕಿ ಕೊಡು," ಎಂದರು ಶೀನಣ್ಣ.

ಮರುದಿನ ಅಗಲದ ಚಕ್ರ ಬಿಚ್ಚಿ ನೋಡಿದೆ. ಟೈರು ಮಡ್‌ಗಾರ್ಡಿಗೆ ಉಜ್ಜಿ ಒಳಗಿನ ನೂಲು ಕಾಣುತ್ತಿತ್ತು. ಒಂದು ಬೋಲ್ಟು ಬಿರುಕು ಬಿಟ್ಟಿತ್ತು. ಬೋಲ್ಟು ಬದಲಿಸಿ ಭಾವನ ಚಕ್ರ ಹಾಕಿಕೊಟ್ಟೆ, ಕಾರು ಪಾಸಾಯಿತು. ಸಂಜೆ ಶೀನಣ್ಣ ಹಳೆಯ ಚಕ್ರಗಳನ್ನು ಅಂಗಡಿಯೆದುರು ಇಳಿಸಿದರು.

"ನಾ ಹಾಕಂಗಿಲ್ರಿ, ಅಣ್ಣಾರ. ಹುಡುಗೂರು ಕೂಡ್ತಾವ ಇದರಾಗ."

"ಬೋಲ್ಟ್ ಹೊಸತು ಹಾಕಿದ್ದಿಯಲ್ಲ?"

"ಈ ಬಿಲ್ಲೆ ಇದ್ರ ಅದೂ ಸೀಳತೈತ್ರಿ."

"ಇಷ್ಟು ವರ್ಷ ಎಂತದೂ ಆಗ್ಲಿಲ್ಲ. ಹಾಕುವವರು ಬೇರೆ ಯಾರೂ ಇಲ್ಲವಾ ಬಂಟ್ವಾಳದಲ್ಲಿ?"

ಚಕ್ರಗಳನ್ನು ಡಿಕ್ಕಿಗೆ ತುಂಬಿಕೊಂಡು ಹೋದರು. ಉಂಡ ಮನೆಗೆ ಎರಡು ಬಗೆದೆನೇನೋ ಎಂದು ನನಗೆ ಕಸಿವಿಸಿ. "ಮನಿ ಬಿಡಿಸಿದ್ರ ಎಲ್ಲಿಗೆ ಹೋಗೂದು?" ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಾರು ಅದೇ ಅಗಲದ ಚಕ್ರದ ಮೇಲೆ ನಿಂತಿತ್ತು. ಧೃತಿ ಆಗಲೇ ಒಳಗೆ ಕೂತು, "ಬಾ ಕಾವ್ಯಾ, ಲೇಟಾಗ್ತದೆ," ಎಂದು ಕರೆಯುತ್ತಿದ್ದಳು. ನಾನು ಮಗಳ ಕೈ ಬಿಡಲಿಲ್ಲ.

"ಇನ್ನ ಬಸ್ಸಿಗೆ ಕಳಸ್ತೀನ್ರಿ," ಎಂದೆ.

"ಆಯ್ತು," ಎಂದರು ಶೀನಣ್ಣ, ನನ್ನ ಮುಖ ನೋಡದೆ. ಮನೆ ಬಿಡೆಂದು ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ನಮ್ಮೂರಾಗಿದ್ದರೆ ಬಾಗಿಲು ತೆಗೆದು ಆ ಕೂಸನ್ನೂ ಇಳಿಸಿಕೊಳ್ಳುತ್ತಿದ್ದೆ. ಅಜ್ಜನಿಗೆ ನಾಲ್ಕು ಮಾತು ಬೈದು, ಎಂಟು ಮಾತು ಬೈಸಿಕೊಳ್ಳುತ್ತಿದ್ದೆ. ನೀನ್ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ನನ್ನ ಮಗಳ ಕೈಯನ್ನಷ್ಟೇ ಹಿಡಿದು ನಿಂತೆ. ಧೃತಿ ಹಿಂದಿನ ಗಾಜಿನಿಂದ ನಮಗೆ ಕೈಬೀಸುತ್ತಾ ಹೋದಳು.