ಮಸ್ಕಿಯಲ್ಲಿ ಹೊಡೆಸಿದ ಅಂಚು

ನಿನ್ನ ಪುಸ್ತಕಗಳನ್ನು ಕೆಡಿಸಿದವನು ಮಸ್ಕಿಯ ಬೈಂಡರ್ ಅಲ್ಲ, ಹುಲಿಗೆಮ್ಮ. ನಾನು. ಅವನಿಗೆ ಕಣ್ಣು ಮಂಜು, ಒಂದು ಮಾತೂ ಕೇಳದೆ ಅಂಚು ಕತ್ತರಿಸಿಬಿಟ್ಟ ಅಂತ ಆರು ವರ್ಷದ ಹಿಂದೆ ಸಾಲಗುಂದದ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದೆನಲ್ಲ — ಅದು ಸುಳ್ಳು. ಅವನು ಕೇಳಿದ್ದ. ಎರಡು ಸಲ ಕೇಳಿದ್ದ. ಎರಡು ಸಲವೂ ನಾನು ಕತ್ತರಿಸಲು ಹೇಳಿದೆ.

ಇಷ್ಟೇ ಬರೆದು ಪೆನ್ನು ಕೆಳಗಿಡಬಹುದಿತ್ತು. ಆದರೆ ಯಾಕೆ ಅಂತ ನೀನು ಕೇಳದೆ ಬಿಡುವವಳಲ್ಲ. ಮುಂದೆ ಬರೆಯುವುದರಲ್ಲಿ ಮುಕ್ಕಾಲು ಪಾಲು ನಿನಗೆ ಗೊತ್ತಿರುವುದೇ. ನಾನು ಎಲ್ಲಿ ನಿಂತು ಅದನ್ನು ನೋಡುತ್ತಿದ್ದೆ ಅನ್ನುವುದೊಂದು ನಿನಗೆ ಗೊತ್ತಿಲ್ಲ.

ಸಿಂಧನೂರಿನ ಕಾಲೇಜಿನಲ್ಲಿ ನಮ್ಮಿಬ್ಬರಿಗೂ ಒಂದೇ ಹುಚ್ಚು ಹಿಡಿಯಿತು — ಮಾಂಗಾ. ಜಪಾನಿನ ಚಿತ್ರಕಥೆ, ಇಂಗ್ಲಿಷಿಗೆ ಬಂದರೂ ಬಲಗಡೆಯಿಂದ ತೆರೆದು ಎಡಕ್ಕೆ ಓದಬೇಕು. ತರಗತಿಯವರು ನಮ್ಮನ್ನು ಉಲ್ಟಾ ಪುಸ್ತಕದವರು ಅಂತ ಆಡಿಕೊಳ್ಳುತ್ತಿದ್ದರು. ಇಡೀ ಊರಿಗೆ ಇಬ್ಬರೇ ಉಲ್ಟಾ ಜನ, ಸ್ನೇಹವಾಗದೆ ಇನ್ನೇನಾಗುತ್ತದೆ? ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುವ ಗಯ್ಯಾಳಿ ಮುದುಕಿಯೊಬ್ಬಳ ಕಥೆ ಇಬ್ಬರಿಗೂ ಅಚ್ಚುಮೆಚ್ಚು. ಅದು ನನ್ನ ಬಳಿ ಗಟ್ಟಿ ರಟ್ಟಿನ ಮೂರು ದಪ್ಪ ಸಂಪುಟಗಳಲ್ಲಿತ್ತು. ನಿನ್ನ ಬಳಿ ಪೇಪರ್‌ಬ್ಯಾಕಿನ ಒಂಬತ್ತು ತೆಳು ಪುಸ್ತಕಗಳಲ್ಲಿ.

ಮೊದಮೊದಲು ನನಗೆ ನಿನ್ನ ಮೇಲೆ ಕನಿಕರವಿತ್ತು. ನಿಜ ಹೇಳುತ್ತೇನೆ, ಕನಿಕರ ಪಡುವುದರಲ್ಲಿ ಒಂದು ಸುಖವೂ ಇತ್ತು. ನನ್ನವು ಅಪ್ಪನ ಸ್ಟೇಷನರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜಿನ ಬಾಗಿಲಿನ ಕಪಾಟಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ತೊಟ್ಟು ಸಾಲಾಗಿ ನಿಂತಿದ್ದವು. ಕೈ ತೊಳೆದುಕೊಂಡೇ ಮುಟ್ಟುತ್ತಿದ್ದೆ. ಪೂರ್ತಿ ತೆರೆದರೆ ಬೆನ್ನು ಸಡಿಲವಾದೀತೆಂದು ಅರ್ಧ ಮಾತ್ರ ತೆರೆದು, ಬಾಗಿಲ ಸಂದಿಯಲ್ಲಿ ಇಣುಕುವವನಂತೆ ಓದುತ್ತಿದ್ದೆ. ನಿನ್ನವೋ — ನೀನು ಬಳಗಾನೂರಿನ ಶಾಲೆಗೆ ಪಾಠ ಹೇಳಲು ಹೋಗುವಾಗ ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಪುಸ್ತಕವನ್ನು ಹಿಂದಕ್ಕೆ ಮಡಚಿ ಓದುತ್ತಿದ್ದೆ. ಬೆನ್ನು ಒಡೆದಿತ್ತು, ಮೂಲೆಗಳು ನಾಯಿಕಿವಿಯಂತೆ ಮಡಚಿಕೊಂಡಿದ್ದವು, ನಾಲ್ಕನೆಯದರ ಮೇಲೆ ಅರಿಶಿನದ ಹೆಬ್ಬೆಟ್ಟು. ಅಯ್ಯೋ ಪಾಪ ಅಂದುಕೊಳ್ಳುತ್ತಿದ್ದೆ.

ಆಮೇಲೆ ಒಂದು ಭಾನುವಾರ ನಿಮ್ಮ ಮನೆಗೆ ಬಂದೆ.

ನಿನ್ನ ಅವ್ವ ದುರುಗಮ್ಮನಿಗೆ ಓದಲು ಬರುವುದಿಲ್ಲ. ಇಂಗ್ಲಿಷಿನ ಮಾತಂತೂ ಬಿಡು. ಚಿತ್ರ ನೋಡಿ ನೋಡಿ, ಈ ಮುದುಕಿ ಏನಂತಾಳ, ಏನಂತಾಳ ಅಂತ ಪೀಡಿಸಿದ್ದಕ್ಕೆ ನೀನು ಒಂಬತ್ತೂ ಪುಸ್ತಕದ ಅಂಚುಗಳಲ್ಲಿ, ಬೆರಳಗಲದ ಖಾಲಿ ಜಾಗದಲ್ಲಿ, ಪೆನ್ಸಿಲ್ಲಿನಿಂದ ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೆ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಜಂಬದಿಂದ ನನ್ನ ಗಟ್ಟಿ ರಟ್ಟಿನ ಸಂಪುಟ ತಂದು, ದುರುಗಮ್ಮನಿಗೆ ನಾನೇ ಕನ್ನಡ ಮಾಡಿ ಓದಿ ಹೇಳುತ್ತೇನೆಂದು ಕೂತೆ. ‘ಎಲೈ ಪ್ರಯಾಣಿಕನೇ, ಬೇಗನೆ ದೋಣಿಯನ್ನೇರು’ — ಹೀಗೆ ನಾಲ್ಕು ಪುಟ. ಅವ್ವ ಕೈಮುಗಿದು ಕೇಳಿಸಿಕೊಂಡಳು.

“ಭಾಳ ಚಲೋ ಓದಿದಿ ತಮ್ಮಾ. ಅಯ್ನೋರು ಮಂತ್ರ ಅಂದಂಗಾತು” ಅಂದಳು. ಆಮೇಲೆ ನಿನ್ನ ಕಡೆ ತಿರುಗಿ, “ಹುಲಿಗಿ, ಈಗ ನೀ ಓದಬೇ” ಅಂದಳು.

ನೀನು ಓದಿದೆ. “ಏನಲೇ ಹೆಣಾ, ದೋಣ್ಯಾಗ ನೀನ ಹತ್ತತೀಯೋ, ಇಲ್ಲಾ ನಿಮ್ಮವ್ವ ಬಂದು ಎತ್ತಿ ಕುಂದರಸಬೇಕೋ?” ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪಕ್ಕದ ಮನೆಯ ಹೆಂಗಸರು ಬಂದು ಕೂತರು. ನಾಟಿ ಹಚ್ಚಿ ಬಂದು ಸೊಂಟ ಹಿಡಿದಿದ್ದವರು, ಜಪಾನಿನ ಮುದುಕಿಯನ್ನು ತಮ್ಮ ಓಣಿಯವಳೆಂಬಂತೆ ಬೈದು ನಗುತ್ತಿದ್ದರು.

ನೀನು ಓದಿದ ಅಧ್ಯಾಯದ ಕೊನೆಗೆ ಒಂದು ಪುಟವಿದೆ — ಬರೀ ಹೊಳೆ, ದೋಣಿ, ಯಾರೂ ಇಲ್ಲ. ಜಪಾನಿನವರು ಸದ್ದಿಗೆ ಅಕ್ಷರ ಬರೆಯುವಂತೆ ಸದ್ದಿಲ್ಲದ್ದಕ್ಕೂ ಬರೆಯುತ್ತಾರೆ. ಆ ಪುಟದ ತುಂಬ ಅಂಥ ಅಕ್ಷರ. ಅದನ್ನು ನಾನು ಮನಸ್ಸಿನಲ್ಲೇ ‘ಮೌನ’ ಅಂತ ಕನ್ನಡ ಮಾಡಿಕೊಂಡಿದ್ದೆ. ನಿನ್ನ ಅಂಚಿನಲ್ಲಿ ‘ಹೊಳಿ ಕಿಮಕ್ ಅನ್ನವಲ್ತು’ ಅಂತಿತ್ತು. ನೀನು ಅದನ್ನು ಮೆಲ್ಲಗೆ ಓದಿದೆ, ಮತ್ತು ಕಟ್ಟೆಯ ಮೇಲಿದ್ದ ಅಷ್ಟೂ ಜನ ನಿಜವಾಗಿಯೂ ಕಿಮಕ್ ಅನ್ನಲಿಲ್ಲ.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬೇರೆ ಮಾತಿನಲ್ಲಿ ಹೇಳಲು ನೋಡಿದೆ, ಆಗುವುದಿಲ್ಲ. ಅದು ನಮ್ಮಜ್ಜಿಯೂ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ನನಗೂ ಹೊಳೆಯಬಹುದಿತ್ತು — ಹೊಳೆಯಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಕಪಾಟಿನ ತುಂಬ ಕಡಲೆ ಇಟ್ಟುಕೊಂಡ ಬೋಳುಬಾಯಿಯವನು ನಾನು. ಅವತ್ತು ಬೈಕಿನಲ್ಲಿ ವಾಪಸಾಗುವಾಗ ದಾರಿಯುದ್ದಕ್ಕೂ ಅದಕ್ಕಿಂತ ಒಳ್ಳೆಯ ಮಾತು ಹುಡುಕಿದೆ. ಸಿಂಧನೂರು ಬಂತು, ಮಾತು ಬರಲಿಲ್ಲ.

ವಿಚಿತ್ರವೆಂದರೆ ನಿನಗೆ ನನ್ನ ಪುಸ್ತಕಗಳ ಮೇಲೆ ಆಸೆ. “ನಿನ್ನವು ನೋಡು ಮಾಂತು, ಹೆಂಗ ಸೆಟೆದು ನಿಂತಾವ. ನನ್ನವು ಹಾಳಿ ಹಾಳಿ ಉದರಾಕತ್ತಾವ” ಅಂದೆ. ಗಟ್ಟಿ ರಟ್ಟು ಹಾಕಿಸಿಕೊಂಡು ಬಾ ಅಂತ ಒಂಬತ್ತನ್ನೂ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟೆ. ಕೊಡುವಾಗ ನೀನು ಹೇಳಿದ್ದೆ — “ಮೊದಲ ನಿಮ್ಮ ಅಂಗಡ್ಯಾಗ ಒಂದ್ಸಲ ಜೆರಾಕ್ಸ್ ಮಾಡಿ ಇಟ್ಟುಬಿಡಪಾ.” ನಾನು ಹೂಂ ಅಂದೆ. ಜೆರಾಕ್ಸ್ ಮಷಿನ್ ಆ ವಾರ ಕೆಟ್ಟಿತ್ತು ಅಂತ ಆಮೇಲೆ ನಿನಗೆ ಹೇಳಿದ್ದು ಎರಡನೆಯ ಸುಳ್ಳು. ಅದು ಕೆಟ್ಟಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಊರಿನವರ ಪಹಣಿ, ಆಧಾರ್ ಕಾರ್ಡು ಎಲ್ಲ ಜೆರಾಕ್ಸ್ ಆಗುತ್ತಿದ್ದವು. ನಿನ್ನ ಗಂಟು ಮಾತ್ರ ಕೌಂಟರಿನ ಕೆಳಗೆ ಮೂರು ದಿನ ಬಿಚ್ಚದೆ ಬಿದ್ದಿತ್ತು.

ನಾಲ್ಕನೆಯ ದಿನ ಮಸ್ಕಿಗೆ ಹೋದೆ. ಶಾಲೆಯ ರಿಜಿಸ್ಟರುಗಳನ್ನು ಬೈಂಡ್ ಮಾಡುವ ಮುದುಕ ಅವನು. ಎಲ್ಲರೂ ಚಾಚಾ ಅನ್ನುತ್ತಾರೆ. ಇಲ್ಲಿ ಇನ್ನೂ ಒಂದು ಹೊಲಸು ಸಂಗತಿ ಹೇಳಬೇಕು. ಅವನು ಎಡಬಲ ತಿಳಿಯದೆ ಉಲ್ಟಾ ರಟ್ಟು ಹಾಕಿ ಕೆಡಿಸುತ್ತಾನೆ, ನನ್ನ ಕೈಗೆ ಕೊಳೆ ಹತ್ತುವುದಿಲ್ಲ ಅಂತ ಬಸ್ಸಿನಲ್ಲಿ ಕೂತಾಗಿನಿಂದ ನನಗೊಂದು ಆಸೆ. ಅದಕ್ಕೇ ಬಾಯಿಬಿಟ್ಟು ಏನೂ ಹೇಳದೆ ಗಂಟನ್ನು ಅವನ ಮುಂದಿಟ್ಟೆ. ಅವನು ಒಂದು ಪುಸ್ತಕ ತೆಗೆದು, ಎರಡು ಹಾಳೆ ತಿರುವಿದ.

“ಇದು ನಮ್ಮ ಉರ್ದು ಕಿತಾಬಿನಂಗ ಬಲಗಡಿಂದ ಸುರು ಆಗತೈತಲ್ರಿ” ಅಂದ, ಸಂತೋಷದಿಂದ.

ಸಿಂಧನೂರಿನ ಕಾಲೇಜಿಗೆ ಮೂರು ವರ್ಷ ತಿಳಿಯದ್ದು ಅವನಿಗೆ ಎರಡು ಹಾಳೆಯಲ್ಲಿ ತಿಳಿಯಿತು. ನನ್ನ ಬದಲು ತಪ್ಪು ಮಾಡಲು ಅವನು ಒಪ್ಪಲಿಲ್ಲ. ಆಮೇಲೆ ಕನ್ನಡಕ ಏರಿಸಿ, ಅಂಚಿಗೆ ಬೆರಳು ತಾಗಿಸಿ ಕೇಳಿದ:

“ಇಲ್ಲಿ ಪೆನ್ಸಿಲ್‌ಲೆ ಏನೋ ಬರದಾರ್ರಿ. ಅಂಚು ಹೊಡದ್ರ ಇದು ಹೋಗತೈತಿ. ಹೊಡೀಲೋ, ಹಂಗ ಬಿಡ್ಲೋ?”

ಬೈಂಡಿಂಗ್ ಮಾಡಿದ ಮೇಲೆ ಮೂರೂ ಕಡೆ ಅಂಚನ್ನು ಸಮನಾಗಿ ಕತ್ತರಿಸುವುದು ಆ ಕೆಲಸದ ರೂಢಿ. ಅದಕ್ಕೆ ಅಂಚು ಹೊಡೆಯುವುದು ಅನ್ನುತ್ತಾರೆ. ಬಿಡು ಅಂದಿದ್ದರೆ ಬಿಡುತ್ತಿದ್ದ. ಸ್ವಲ್ಪ ಒರಟು ಕಾಣುತ್ತಿತ್ತು, ಅಷ್ಟೇ. ನಾನು “ಹೊಡೀರಿ” ಅಂದೆ. ಅವನು ಮತ್ತೆ ಕೇಳಿದ — “ಬೇಕಾದದ್ದು ಏನರ ಐತೇನ್ರಿ ಇದು?”

“ಬೇಕಾದದ್ದಲ್ಲ ಚಾಚಾ. ಹುಡುಗರು ಗೀಚ್ಯಾವ. ಚಿತ್ರಕ್ಕ ಹತ್ತದಂಗ ನೋಡಿ ಹೊಡೀರಿ.”

ಇದೇ ನಾನು ಆಡಿದ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಅವನು ಹೊಡೆಯುವವರೆಗೂ ಅಲ್ಲೇ ನಿಂತಿದ್ದೆ. ಸಣ್ಣ ಸಣ್ಣ ಪಟ್ಟಿಗಳಾಗಿ ನಿನ್ನ ಅಕ್ಷರ ಕೆಳಗೆ ಬಿದ್ದವು, ಒಂಬತ್ತು ಪುಸ್ತಕದ್ದು, ದೊಡ್ಡ ಗುಡ್ಡೆಯೇನೂ ಅಲ್ಲ. ನನಗೆ ಆಗ ದುಃಖವಾಯಿತು ಅಂತ ಬರೆದರೆ ನಿನಗೆ ಸ್ವಲ್ಪ ಹಗುರವಾದೀತು. ಆದರೆ ಆಗ ಆದದ್ದು ದುಃಖವಲ್ಲ. ಹಾಯೆನಿಸಿತು.

ದುಃಖ ಬಂದದ್ದು ಸಾಲಗುಂದದಲ್ಲಿ. ನೀಲಿ ಬಟ್ಟೆಯ ಗಟ್ಟಿ ರಟ್ಟು ನೋಡಿ ನೀನು ಕುಣಿದಾಡಿದೆ. ಆಮೇಲೆ ತೆರೆದೆ. ಒಂದು ಪುಟ, ಇನ್ನೊಂದು ಪುಟ — ಅಂಚೇ ಇಲ್ಲ, ಅಲ್ಲಲ್ಲಿ ಮೇಲಿನ ತಲೆಕಟ್ಟೊಂದು ಉಳಿದಿತ್ತು, ಅಕ್ಷರವಿಲ್ಲ. ಅವ್ವ ಬಗ್ಗಿ ನೋಡಿ, “ಮಾತೆಲ್ಲಾ ಎಲ್ಲಿ ಹೋದ್ವಬೇ ಇದರಾಗಿನ್ವು?” ಅಂದಳು. ಆಗ ನಾನು ಮುದುಕನ ಕಣ್ಣಿನ ಕಥೆ ಹೇಳಿದೆ. ನೀನು ಕೊನೆಗೆ, “ಹೋಗ್ಲಿ ಬಿಡ ಮಾಂತು. ಪಾಪ, ನೀ ಚಲೋ ಮಾಡಾಕ ಹೋಗಿದ್ದಿ” ಅಂದು ನನಗೇ ಸಮಾಧಾನ ಮಾಡಿದೆ. ಲಿಂಗಸುಗೂರಿಗೆ ಮೇಡಂ ಆಗಿ ಹೋಗುವಾಗ ಒಂಬತ್ತನ್ನೂ ನನಗೆ ಕೊಟ್ಟು, ಇವು ನಿನ್ನ ಕಪಾಟಿಗೇ ಸರಿ ಅಂದೆ. ನಾನು ತೆಗೆದುಕೊಂಡೆ. ನಾಚಿಕೆಗೆಟ್ಟು ಸಾಲಾಗಿ ಜೋಡಿಸಿದೆ ಕೂಡ. ನೀನು ಮತ್ತೆ ಒಂದು ಸಾಲೂ ಬರೆಯಲಿಲ್ಲ, ಆರು ವರ್ಷ.

ಹೋದ ವಾರ ನಿನ್ನ ಫೋನ್ ಬಂತು. ಅದೇ ಕಥೆಯನ್ನು ಮತ್ತೆ ಪೇಪರ್‌ಬ್ಯಾಕಿನಲ್ಲಿ ತರಿಸಿದ್ದೀ, ನಿನ್ನ ಶಾಲೆಯ ಮಕ್ಕಳಿಗೆ ಅಂತ ಬೇರೆ ನೋಟುಬುಕ್ಕಿನಲ್ಲಿ ಕನ್ನಡ ಬರೆಯುತ್ತಿದ್ದೀ. “ಮುಗೀತಂದ್ರ ಮೊದಲ ನಿನಗ ಕಳಸ್ತೀನಿ. ನೀ ಓದಿ ಚಲೋ ಐತಿ ಅಂದ್ರ ಚಲೋ” ಅಂದೆ. ಆಮೇಲೆ ನಗುತ್ತಾ, “ಆದ್ರ ಬೈಂಡಿಂಗಿಗೆ ಮಸ್ಕಿಗೆ ಮಾತ್ರ ಬ್ಯಾಡಪಾ. ನಮ್ಮ ಸಾಲಿ ರಿಜಿಸ್ಟರ್ ಸೈತ ಅವಗ ಕೊಡಗೊಡಂಗಿಲ್ಲ ನಾ. ಸುತ್ತಿನ ಮಾಸ್ತರರಿಗೆಲ್ಲಾ ಹೇಳೀನಿ” ಅಂದೆ.

ಮರುದಿನ ಮಸ್ಕಿಗೆ ಹೋಗಿ ಅವನ ಎದುರು ನಿಂತೆ. ಹೇಳಿಕೊಳ್ಳುವುದಕ್ಕೆ ಮೊದಲೇ ಗುರುತು ಹಿಡಿದ.

“ಆ ಹೆಣಮಗಳು ಆವಾಗ ಬಂದು ಬೈದು ಹೋಗ್ಯಾಳ್ರಿ” ಅಂದ. ನೀನು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ಪುಸ್ತಕ ತಂದಾಂವ ನನ್ನ ದೋಸ್ತ, ಭಾಳ ಒಳ್ಳೇಂವ ಅಂತ ಅಕೀನ ಅಂದ್ಲು. ದೋಸ್ತಿ ನಡುವ ನಾ ಯಾಕ ಬರ್ಲಿ ಅಂತ ಸುಮ್ನಾದೆ” ಅಂದ. ಅಂಗಡಿಯಲ್ಲಿ ರಿಜಿಸ್ಟರುಗಳ ಕಟ್ಟು ಒಂದೂ ಇರಲಿಲ್ಲ. ಅವನು ಅದನ್ನು ನನಗೆ ತೋರಿಸಲಿಲ್ಲ, ನಾನೇ ನೋಡಿದೆ.

ಅವನ ವಿಷಯ ನೀನು ಸರಿಪಡಿಸಬೇಕು, ಹುಲಿಗೆಮ್ಮ. ನಿನ್ನ ಬಳಿ ನಾನು ಬೇಡುವುದು ಅದೊಂದೇ. ನೀನು ಯಾರ‍್ಯಾರಿಗೆ ಹೇಳಿದ್ದೀಯೋ ಅವರಿಗೆಲ್ಲ ನನ್ನ ಹೆಸರು ಹೇಳು. ನಾನೂ ಹೇಳುತ್ತೇನೆ.

ನನ್ನನ್ನು ಕ್ಷಮಿಸು ಅಂತ ಬರೆಯಲಾರೆ. ಯಾಕೆಂದರೆ ಆ ಫೋನಿನಲ್ಲಿ ನೀನು ಹೊಸದಾಗಿ ಬರೆದ ಒಂದು ಮಾತು ಓದಿ ಹೇಳಿದೆ, ನಿನ್ನ ಹಿಂದೆ ಮಕ್ಕಳು ನಕ್ಕವು — ಆಗ ನನಗೆ ಮೊದಲು ಆದದ್ದು ಖುಷಿಯಲ್ಲ. ಅದೇ ಕಿಚ್ಚು. ಆರು ವರ್ಷ ಪಶ್ಚಾತ್ತಾಪ ಪಟ್ಟವನ ಹೊಟ್ಟೆಯಲ್ಲೂ ಅದು ಹಾಗೆಯೇ ಇದೆ, ಮೊದಲಿನಷ್ಟೇ ಬಿಸಿಯಾಗಿ. ಇದನ್ನು ನಿನಗೆ ಹೇಳದೆ ನಿನ್ನ ನೋಟುಬುಕ್ಕನ್ನು ಕೈಗೆ ತೆಗೆದುಕೊಳ್ಳುವುದು —

ಕಳಿಸಬೇಡ. ಇಷ್ಟು ಓದಿದ ಮೇಲೂ ಕಳಿಸಬೇಕೆನಿಸಿದರೆ ನಿನ್ನಿಷ್ಟ. ಆದರೆ ಇರುವುದು ಒಂದೇ ಪ್ರತಿಯಾದರೆ, ನನ್ನ ಕೈಗೆ ಕೊಡಲೇಬೇಡ.