ಜಾಡಿಯ ತಳ ತಟ್ಟಿ ನೋಡಿದ್ದು

ಕೈ ಜಾರಬಹುದಿತ್ತು. ಜಾಡಿ ಕಾಲ ಮೇಲೆ ಬಿದ್ದು ಗಾಜು ಪಾದದ ನರ ಕತ್ತರಿಸಬಹುದಿತ್ತು. ಎತ್ತಲು ಬಗ್ಗಿದ ನಾನು ಸೊಂಟ ಹಿಡಿದುಕೊಂಡು ಬಗ್ಗಿದಂತೆಯೇ ಉಳಿದುಬಿಡಬಹುದಿತ್ತು. ಆಟೋ ಹಳ್ಳಕ್ಕೆ ಇಳಿಯಬಹುದಿತ್ತು. ಬಿಸಿಲಿಗೆ ಬಿರಡೆ ಹಾರಬಹುದಿತ್ತು. ಪೊಲೀಸರು ತಡೆದು ಇದೇನೆಂದು ಮೂಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ತಲುಪುವ ಹೊತ್ತಿಗೆ ಮಾಮ ಇಲ್ಲದೇ ಹೋಗಬಹುದಿತ್ತು.

ಈ ಪಟ್ಟಿಯನ್ನು ಹೊರಡುವ ಮೊದಲೇ ಹೆಂಡತಿಗೆ ಒಪ್ಪಿಸಿದ್ದೆ. "ಭೂಕಂಪ ಒಂದು ಬಿಟ್ಟಿದ್ದೀರ," ಅಂದಳು. ಕೆಜಿಎಫ್‌ನಲ್ಲಿ ಹುಟ್ಟಿದವನಿಗೆ ಅದು ತಮಾಷೆಯ ಮಾತಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಲೋಟಗಳು ಅಲುಗುತ್ತಿದ್ದವು. ಅದನ್ನೂ ಪಟ್ಟಿಗೆ ಸೇರಿಸಿಕೊಂಡೆ.

ಮಾಮ ನಮಗೆ ರಕ್ತಸಂಬಂಧಿಯಲ್ಲ. ಮಾರಿಕುಪ್ಪಂನಲ್ಲಿ ಗಣಿಯವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಪಕ್ಕದ ಮನೆಯವರು, ಅಪ್ಪನ ಜೊತೆ ಗಣಿಗೆ ಇಳಿದವರು. ಕ್ರಿಸ್ಮಸ್‌ಗೆಂದು ಪ್ರತಿ ವರ್ಷ ಕಪ್ಪು ದ್ರಾಕ್ಷಿಯ ವೈನ್ ಹಾಕುತ್ತಿದ್ದರು. ಇಪ್ಪತ್ತೈದು ಲೀಟರಿನ ದಪ್ಪ ಗಾಜಿನ ಜಾಡಿಗೆ ತುಂಬಿ ಮೂಲೆಗಿಟ್ಟರೆ, ಗಸಿಯೆಲ್ಲ ನಿಧಾನವಾಗಿ ತಳಕ್ಕಿಳಿದು ಮೇಲಿನದು ತಿಳಿಯಾಗುತ್ತಿತ್ತು. ಬಿರಡೆಯನ್ನು ಅವರೇ ತೆಗೆಯಬೇಕು. ಮೊದಲ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುವರು. ವೈನಿನ ಆಚೆ ಕಿಟಕಿಯ ಸರಳು ಕಂಡರೆ ಮಾತ್ರ ಕುಡಿಯುವುದು.

ಈ ಸಲ ಜಾಡಿ ತುಂಬಿಟ್ಟ ಮೇಲೆ ಅವರ ಎದೆ ಕೈಕೊಟ್ಟಿತು. ಗಣಿಯ ಧೂಳು ಎಷ್ಟೋ ವರ್ಷಗಳಿಂದ ಅಲ್ಲಿ ಕೂತಿತ್ತು. ಬಂಗಾರಪೇಟೆಯ ಮಗಳು ತನ್ನ ಮನೆಗೆ ಕರೆದುಕೊಂಡು ಹೋಗಿ ಆಕ್ಸಿಜನ್ ಸಿಲಿಂಡರಿನ ಪಕ್ಕ ಮಲಗಿಸಿದಳು. ಇನ್ನು ಕೆಲವೇ ದಿನ ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಮಾಮ ನನಗೆ ಫೋನು ಮಾಡಿಸಿ ಕೇಳಿದ್ದು ಒಂದೇ, ಮೂಲೆಯಲ್ಲೇ ಉಳಿದಿದ್ದ ಜಾಡಿಯಿಂದ ಈ ವರ್ಷದ ಮೊದಲ ಲೋಟ.

ಸಣ್ಣ ಕ್ಯಾನುಗಳಿಗೆ ಬಗ್ಗಿಸಿಕೊಂಡು ತರುತ್ತೇನೆ ಅಂದೆ. ಒಪ್ಪಲಿಲ್ಲ. ನಡುನಡುವೆ ಉಸಿರು ಹುಡುಕುತ್ತ ನನಗೆ ಪಾಠ ಮಾಡಿದರು. "ಕುತ್ತಿಗೆ ಹಿಡಿದು ಎತ್ತಬ್ಯಾಡ, ಅದು ಕೋಳಿ ಅಲ್ಲ. ಒದ್ದೆ ಇದ್ರೆ ಒರೆಸು. ಮಂಡಿ ಬಗ್ಗಿಸು, ಎದೆಗೆ ಅವಚ್ಕೊ, ಒಂದು ಕೈ ಅಡೀಗೆ. ಎತ್ತೋಕ್ ಮುಂಚೆ ತಟ್ಟಿ ನೋಡು."

ತಟ್ಟುವುದು ಗಣಿಯವರ ಚಾಳಿ. ಕೆಳಗೆ ಹೊಸ ಜಾಗಕ್ಕೆ ಕಾಲಿಡುವ ಮುಂಚೆ ತಲೆಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ಕೇಳುತ್ತಿದ್ದರು. ಖಣಿಲ್ ಎಂದರೆ ಗಟ್ಟಿ, ಟೊಳ್ಳು ಸದ್ದು ಬಂದರೆ ಸಡಿಲ. ಅವರ ಮಕ್ಕಳಾದ ನಾವು ಮಡಕೆ, ಗೋಡೆ, ಕಲ್ಲಂಗಡಿ ಎಲ್ಲವನ್ನೂ ತಟ್ಟುತ್ತೇವೆ. ಗಣಿ ಮುಚ್ಚಿದರೂ ನಮ್ಮ ಬೆರಳಿನ ಗೆಣ್ಣುಗಳು ರಿಟೈರ್ ಆಗಿಲ್ಲ.

ಜಾಡಿ, ತುಂಬಿದ ಗ್ಯಾಸ್ ಸಿಲಿಂಡರಿನಷ್ಟು ಭಾರವಿತ್ತು. ಮಾಮ ಹೇಳಿದಂತೆಯೇ ಪಕ್ಕಕ್ಕೆ ತಟ್ಟಿ ನೋಡಿ, ಎತ್ತಿ, ಗೋಣಿಚೀಲ ಹಾಸಿದ ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಳಿಸಿ, ಆಟೋದಲ್ಲಿ ನನ್ನ ಕಾಲುಗಳ ನಡುವೆ ಇಟ್ಟುಕೊಂಡೆ. ಆದರೆ ಪಕ್ಕ ತಟ್ಟಿದರೆ ತಳದ ಬಿರುಕು ತಿಳಿಯುತ್ತದೆಯೇ? ದೊಡ್ಡ ಹಂಪ್ ದಾಟಿದಾಗಲೆಲ್ಲ ಗಾಡಿ ನಿಲ್ಲಿಸಲು ಹೇಳಿ, ಜಾಡಿಯನ್ನು ಓರೆ ಮಾಡಿ, ಅಡಿಗೆ ಕೈ ತೂರಿಸಿ ತಟ್ಟಿದೆ.

"ಏನಣ್ಣಾ, ಮಗೀಗೆ ಜ್ವರ ಬಂದೈತಾ? ಘಳಿಗೆಗೊಂದ್ಸಲ ಮುಟ್ಟಿ ನೋಡ್ತೀಯ," ಅಂದ ಆಟೋದವನು.

"ತಳ ಬಿರುಕು ಬಿಟ್ಟಿದ್ರೆ?"

"ಬಿಟ್ಟಿದ್ರೆ ನನ್ ಆಟೋನೇ ಒದ್ದೆ ಆಗ್ತದೆ, ಆಗ ಗೊತ್ತಾಗ್ತದೆ. ಸುಮ್ಕೆ ಕೂತ್ಕೊ."

ಸುಮ್ಮನೆ ಕೂರಲಿಲ್ಲ. ಮಗಳ ಮನೆಯ ಹೊಸ್ತಿಲಲ್ಲಿ ಕೊನೆಯದಾಗಿ ಇನ್ನೊಮ್ಮೆ ಓರೆ ಮಾಡಿ ತಟ್ಟಿದೆ. ಖಣಿಲ್ ಎಂದಿತು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಜಾಡಿ ಇಟ್ಟೆವು. ಮಾಮ ಎರಡೂ ಕೈಯಿಂದ ಬಿರಡೆ ಕಿತ್ತರು. ಮಗಳು ಲೋಟ ತುಂಬಿ ಕೊಟ್ಟಳು. ಅವರು ಅದನ್ನು ಕಿಟಕಿಗೆ ಹಿಡಿದರು. ಬೇತಮಂಗಲದ ಕೆರೆಗೆ ಹೊಸ ನೀರು ಬಂದಾಗ ಇರುತ್ತದಲ್ಲ, ಆ ಬಗ್ಗಡ. ಸರಳು ಕಾಣಲಿಲ್ಲ.

"ತಳ ತಟ್ಟಿದ್ಯಾ?"

"ಐದಾರು ಸಲ."

"ಓರೆ ಮಾಡಿ?"

ಹೌದೆಂದು ತಲೆಯಾಡಿಸಿದೆ. ಅವರು ನಕ್ಕರು, ಅಥವಾ ಕೆಮ್ಮಿದರು. "ನಿಮ್ಮಪ್ಪಾನೂ ಇಂಗೇ ಕಣ್ಲಾ. ತಟ್ಟಿ ತಟ್ಟಿ ಗಟ್ಟಿ ಬಂಡೇನೂ ಬೀಳಿಸೋನು."

"ಪರವಾಗಿಲ್ಲ ಮಾಮ, ಒಂದು ಗುಟುಕು ಕುಡೀರಿ."

"ಬ್ಯಾಡಪ್ಪ. ಎದೆ ತುಂಬ ಗಸೀನೇ ಐತೆ. ತಿಳಿಯಾಗ್ಲಿ ತಡಿ, ಅದಿನೈದು ದಿನ." ಲೋಟವನ್ನು ಮಗಳ ಕೈಗೆ ವಾಪಸು ಕೊಟ್ಟರು.

ಒಂಬತ್ತನೆಯ ದಿನ ಹೋದಾಗ ಜಾಡಿಯ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ತಿಳಿಯಾಗಿತ್ತು. ಮಾಮನಿಗೆ ಎಚ್ಚರವಿರಲಿಲ್ಲ. ಸಂಜೆಯೊಳಗೆ ತೀರಿಕೊಂಡರು.

ನನ್ನ ಸೊಂಟ ನೆಟ್ಟಗಿದೆ. ಪಾದಕ್ಕೆ ಏನೂ ಆಗಿಲ್ಲ. ಪೊಲೀಸರು ಸಿಗಲಿಲ್ಲ, ಭೂಮಿ ನಡುಗಲಿಲ್ಲ, ಜಾಡಿಯ ಮೇಲೆ ಒಂದು ಗೀರೂ ಬೀಳಲಿಲ್ಲ. ಒಳಗಿನ ಗಸಿ ಸ್ವಲ್ಪ ಕದಡಿತ್ತು, ಅಷ್ಟೇ.